ಲಾಲ್‌ಬಾಗ್‌ನಿಂದ ಹಿತ್ತಿಲಿಗೆ: ಪಟ್ಟೆ ಎಲೆಯ ಕಾಬಾಳೆ

ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ನೋಡದೆ ಬರುವುದುಂಟೇ? ಮದುವೆಗೋ, ಮಕ್ಕಳ ಪರೀಕ್ಷೆಗೋ, ಆಸ್ಪತ್ರೆಗೋ ಹೋದವರೂ ಅರ್ಧ ದಿನ ಬಿಡುವು ಸಿಕ್ಕರೆ ಮಕ್ಕಳ ಕೈ ಹಿಡಿದು ಅತ್ತ ಹೆಜ್ಜೆ ಹಾಕುತ್ತಾರೆ. ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಬಂಡೆ ಹತ್ತಿ ಕೆಂಪೇಗೌಡರ ಗೋಪುರ ನೋಡುತ್ತಾರೆ, ಕೆರೆಯ ದಂಡೆಯಲ್ಲಿ ಕೂತು ಕಡಲೆಕಾಯಿ ತಿಂದು ಮರಳುತ್ತಾರೆ. ಮುಂದಿನ ಸಲ ನೀವು ಹೋದಾಗ ಇನ್ನೊಂದು ಕೆಲಸ ಮಾಡಿ. ದೊಡ್ಡ ಮರಗಳಿಂದ ಕಣ್ಣು ಇಳಿಸಿ, ದಾರಿಯ ಬದಿಯ ಪಾತಿಗಳನ್ನು ನಿಧಾನವಾಗಿ ನೋಡುತ್ತಾ ನಡೆಯಿರಿ. ನಿಮ್ಮ ಹಿತ್ತಿಲಿಗೆ ಹೊಂದುವ ಗಿಡ ಅಲ್ಲೇ ಎಲ್ಲೋ ನಿಂತಿರುತ್ತದೆ.

ನಮ್ಮ ನಾಡಿನ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಥದೊಂದು ಗಿಡದ ಬಗ್ಗೆ ಈ ಸಲ ನಿಮ್ಮೊಂದಿಗೆ ಮಾತಾಡಬೇಕೆನಿಸಿದೆ. ಅದು ಕಾಬಾಳೆ. ನರ್ಸರಿಯವರ ಬಾಯಲ್ಲಿ ಕ್ಯಾನಾ. ಅದರಲ್ಲೂ ಹಸಿರು ಎಲೆಯ ಮೇಲೆ ಹಳದಿ ಗೆರೆ ಎಳೆದಂತಿರುವ ಪಟ್ಟೆ ಕಾಬಾಳೆ.

ಹೈದರಲಿಯ ತೋಟದಲ್ಲಿ

ಗಿಡದ ಮಾತಿಗೆ ಮೊದಲು ತೋಟದ ಮಾತು. ಶಾಲೆಯ ಮಕ್ಕಳೊಂದಿಗೆ ಪ್ರವಾಸ ಹೋದಾಗಲೆಲ್ಲ ನಾನು ಅವರಿಗೆ ಮೊದಲು ಕೇಳುವ ಪ್ರಶ್ನೆ, "ಈ ತೋಟ ಮಾಡಿಸಿದ್ದು ಯಾರು?" ಹೆಚ್ಚಿನ ಮಕ್ಕಳು ಬ್ರಿಟಿಷರು ಎನ್ನುತ್ತಾರೆ. ಗಾಜಿನ ಮನೆಯನ್ನು ನೋಡಿದರೆ ಹಾಗೆ ಅನಿಸುವುದು ಸಹಜ. ಆದರೆ ಅದು ಕಟ್ಟಲ್ಪಟ್ಟದ್ದು 1889ರ ನಂತರ. ತೋಟಕ್ಕೆ ಅಡಿಪಾಯ ಹಾಕಿದ್ದು ಅದಕ್ಕೂ 129 ವರ್ಷ ಹಿಂದೆ, 1760ರಲ್ಲಿ, ಹೈದರಲಿ. ಆಗ ಅದರ ವಿಸ್ತೀರ್ಣ ಸುಮಾರು 40 ಎಕರೆ. ಶಿರಾದಲ್ಲಿ ಮೊಗಲ್ ಸುಬೇದಾರ ದಿಲಾವರ್ ಖಾನ್ ಮಾಡಿಸಿದ್ದ ಖಾನ್ ಬಾಗ್ ಎಂಬ ತೋಟವೇ ಹೈದರಲಿಗೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. ಮಗ ಟಿಪ್ಪು ಸುಲ್ತಾನ್ ತೋಟವನ್ನು ಬೆಳೆಸಿದ. ದೂರದ ದೇಶಗಳಿಂದ ಬೀಜ, ಸಸಿಗಳನ್ನು ತರಿಸಿದ. ಶ್ರೀರಂಗಪಟ್ಟಣದ ಗಂಜಾಮ್‌ನಲ್ಲಿ ತಂದೆ ಮಗ ಇಬ್ಬರೂ ಮಲಗಿರುವ ಗುಂಬಝ್ ಇರುವ ತೋಟದ ಹೆಸರೂ ಲಾಲ್‌ಬಾಗ್ ಎಂಬುದನ್ನು ನೆನಪಿಡಿ.

1799ರಲ್ಲಿ ಟಿಪ್ಪು ವೀರಮರಣ ಹೊಂದಿದ ಬಳಿಕ ತೋಟ ಬ್ರಿಟಿಷರ ಕೈಗೆ ಹೋಯಿತು. 1856ರಲ್ಲಿ ಸರಕಾರಿ ಸಸ್ಯತೋಟವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್, 1908ರಲ್ಲಿ ಹೊಣೆ ಹೊತ್ತ ಜರ್ಮನ್ ತಜ್ಞ ಕ್ರುಂಬಿಗಲ್, ಆ ಮೇಲೆ ನಮ್ಮವರೇ ಆದ ಜವರಾಯ, ಮರಿಗೌಡ, ಹೀಗೆ ಒಬ್ಬರ ನಂತರ ಒಬ್ಬರು ಕಾಪಾಡಿದರು. ಈಗ ಅದು 240 ಎಕರೆಯ ತೋಟ. ನಾವು ಇಂದು ಅಡುಗೆಮನೆಯಲ್ಲಿ ಹೆಚ್ಚುವ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರಾನ್ ಕಾಲದಲ್ಲಿ, ಇದೇ ತೋಟದ ಮೂಲಕ. ಅಂದರೆ ಲಾಲ್‌ಬಾಗ್ ನೋಡಿ ಬರುವ ಜಾಗ ಮಾತ್ರವಲ್ಲ. ಅಲ್ಲಿಂದ ಗಿಡಗಳು ಊರೂರಿಗೆ, ಮನೆಮನೆಗೆ ಹರಡಿವೆ. ತೋಟವೆಂದರೆ ಹಾಗೆಯೇ ಅಲ್ಲವೇ? ನೆಟ್ಟವನು ಹೋಗುತ್ತಾನೆ, ನೆರಳು ಉಳಿಯುತ್ತದೆ.

ಹೋಗುವ ದಾರಿ ಈಗ ಸುಲಭ. 2017ರಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣವೇ ಇದೆ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ನೂಕುನುಗ್ಗಲು ಹೆಚ್ಚು. ಗಿಡಗಳನ್ನು ನಿಜವಾಗಿ ನೋಡಬೇಕಾದರೆ ಬೇರೆ ದಿನ, ಬೆಳಿಗ್ಗೆ ಬೇಗ ಹೋಗಿ. ಎಳೆಬಿಸಿಲು ಎಲೆಯ ಹಿಂದಿನಿಂದ ಬೀಳುವ ಹೊತ್ತಿನಲ್ಲಿ ಪಟ್ಟೆ ಕಾಬಾಳೆಯನ್ನು ನೋಡಿದರೆ ಹೂವಿಲ್ಲದಿದ್ದರೂ ಕೊರತೆ ಅನಿಸುವುದಿಲ್ಲ. ಪ್ರತಿ ನರದ ಜೊತೆಗೂ ಒಂದೊಂದು ಹಳದಿ ಗೆರೆ, ನಡುವೆ ಹಸಿರು. ಹುಲಿಯ ಮೈಯನ್ನು ನೆನಪಿಸುವುದರಿಂದಲೋ ಏನೋ, ಅದಕ್ಕೆ 'ಬೆಂಗಾಲ್ ಟೈಗರ್' ಎಂಬ ಹೆಸರು ಬಂದಿದೆ. 'ಪ್ರಿಟೋರಿಯಾ', 'ಸ್ಟ್ರೈಯಾಟಾ' ಎಂದೂ ಮಾರುತ್ತಾರೆ. ಮೂರೂ ಒಂದೇ. ಹೂವು ಕಿತ್ತಳೆ ಬಣ್ಣ.

ಹೆಸರು ಇಂಡಿಯಾದ್ದು, ತವರು ಅಮೆರಿಕ

ಕಾಬಾಳೆಯ ವೈಜ್ಞಾನಿಕ ಹೆಸರಿನಲ್ಲಿ 'ಇಂಡಿಕಾ' ಎಂದಿದೆ. ಇದನ್ನು ಕೇಳಿ ನಮ್ಮದೇ ಗಿಡ ಎಂದುಕೊಳ್ಳಬೇಡಿ. 1753ರಲ್ಲಿ ಲಿನೇಯಸ್ ಹೆಸರಿಟ್ಟಾಗ ಇಂಡೀಸ್ ಎಂಬ ಪದಕ್ಕೆ ವೆಸ್ಟ್ ಇಂಡೀಸೂ ಸೇರಿತ್ತು. ಗಿಡದ ತವರು ಅಮೆರಿಕ ಖಂಡದ ಬಿಸಿ ಪ್ರದೇಶಗಳು. ಅಲ್ಲಿಂದ 16ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು, ಹಡಗುಗಳ ಜೊತೆ ಲೋಕವೆಲ್ಲ ಸುತ್ತಿತು. ಆಂಡೀಸ್ ಪರ್ವತದ ಜನ ಅದರ ಗೆಡ್ಡೆಯನ್ನು ತಿನ್ನುತ್ತಾರೆ. ವಿಯೆಟ್ನಾಮಿನಲ್ಲಿ ಅದರ ಹಿಟ್ಟಿನಿಂದ ಗಾಜಿನಂತೆ ಹೊಳೆಯುವ ಶ್ಯಾವಿಗೆ ಮಾಡುತ್ತಾರೆ. ನಾವು ಮಾತ್ರ ಹೂವಿಗೆ ಬೆಳೆಸುತ್ತೇವೆ.

ಎಲೆ ಬಾಳೆಯಂತಿದ್ದರೂ ಅದು ಬಾಳೆಯಲ್ಲ, ಆದರೆ ನೆಂಟ ಹೌದು. ಬಾಳೆ, ಶುಂಠಿ, ಅರಿಶಿನ, ಏಲಕ್ಕಿ, ಕೂವೆ ಎಲ್ಲವೂ ಸೇರುವ ದೊಡ್ಡ ಗುಂಪಿನಲ್ಲಿ ಕಾಬಾಳೆಗೂ ಜಾಗವಿದೆ. ಅದರ ಹೂವನ್ನು ಒಮ್ಮೆ ಕೈಗೆತ್ತಿಕೊಂಡು ಬಿಡಿಸಿ ನೋಡಿ. ನಾವು ದಳವೆಂದು ಮೆಚ್ಚುವ ಬಣ್ಣದ ಭಾಗಗಳು ನಿಜವಾಗಿ ದಳಗಳಲ್ಲ, ದಳದಂತೆ ಅಗಲವಾದ ಕೇಸರಗಳು. ನಿಜವಾದ ದಳಗಳು ಕೆಳಗೆ ಕಿರಿದಾಗಿ, ಮಾಸಲಾಗಿ ಅಡಗಿರುತ್ತವೆ. ಪರಾಗ ಇರುವುದು ಒಂದೇ ಒಂದು ಕೇಸರದಲ್ಲಿ, ಅದೂ ಅದರ ಅರ್ಧ ಭಾಗದಲ್ಲಿ. ಎಡ ಬಲ ಸಮನಾಗಿಲ್ಲದ ಇಂಥ ಹೂವು ಅಪರೂಪ. ಹತ್ತನೇ ತರಗತಿಯ ಮಕ್ಕಳಿಗೆ ಪುಸ್ತಕದ ಚಿತ್ರಕ್ಕಿಂತ ಈ ಒಂದು ಹೂವು ಹೆಚ್ಚು ಕಲಿಸುತ್ತದೆ.

ಈಗಿನ ದೊಡ್ಡ ಹೂವಿನ ತಳಿಗಳು ಹುಟ್ಟಿದ್ದು ಫ್ರಾನ್ಸಿನಲ್ಲಿ. 1848ರಲ್ಲಿ ಥಿಯೋಡೋರ್ ಆನೆ ಎಂಬವರು ಬೆರಕೆ ತಳಿ ಮಾಡಿದರು. ನಂತರ ಲಿಯೋನ್ ನಗರದ ಕ್ರೋಜಿ ಎಂಬ ತೋಟಗಾರ ಗಿಡವನ್ನು ಗಿಡ್ಡ ಮಾಡಿ ಹೂವನ್ನು ದೊಡ್ಡದು ಮಾಡಿದ. ಪಾರ್ಕುಗಳಲ್ಲಿ ನಾವು ಕಾಣುವ ಕೆಂಪು, ಹಳದಿ, ಚುಕ್ಕೆಯ ಹೂಗಳಲ್ಲಿ ಹೆಚ್ಚಿನವು ಇಂಥ ಬೆರಕೆಗಳ ಸಂತತಿ.

ಬೀಜದ ಮಾತನ್ನೂ ಹೇಳಬೇಕು. ಮುಳ್ಳುಮುಳ್ಳಾದ ಕಾಯಿ ಒಣಗಿ ಒಡೆದಾಗ ಒಳಗೆ ಕರಿಯ ಗುಂಡು ಬೀಜಗಳಿರುತ್ತವೆ, ಬಂದೂಕಿನ ಚರೆಯಷ್ಟು ಗಟ್ಟಿ. ಅದಕ್ಕೇ ಇಂಗ್ಲಿಷಿನವರು ಈ ಗಿಡವನ್ನು ಇಂಡಿಯನ್ ಶಾಟ್ ಎಂದರು. ತೂತು ಮಾಡಿ ಪೋಣಿಸಿದರೆ ಒಳ್ಳೆಯ ಮಣಿ. ಜಪಮಾಲೆಗೂ ತಸ್ಬೀಹಿಗೂ ಒದಗುವಂಥದ್ದು. ಅರ್ಜೆಂಟೀನಾದ ಹಳೆಯ ಸಮಾಧಿಯೊಂದರಲ್ಲಿ ಅಕ್ರೋಟಿನ ಚಿಪ್ಪಿನೊಳಗೆ ಸಿಕ್ಕ ಕಾಬಾಳೆ ಬೀಜ ಸುಮಾರು 600 ವರ್ಷ ಹಳೆಯದೆಂದು 1971ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಬೀಜ ಮೊಳಕೆಯೊಡೆದಿತ್ತು! ಅಲ್ಲಾಹನ ಸೃಷ್ಟಿಯಲ್ಲಿ ಒಂದು ಸಣ್ಣ ಬೀಜದ ತಾಳ್ಮೆಯೂ ಎಷ್ಟು ದೊಡ್ಡದು ನೋಡಿ.

ಪಟ್ಟೆ ಬರುವುದೇಕೆ?

ಎಲೆಯ ಹಸಿರಿಗೆ ಕಾರಣ ಹರಿತ್ತು. ಅದರಿಂದಲೇ ಗಿಡ ಬಿಸಿಲನ್ನು ಆಹಾರ ಮಾಡಿಕೊಳ್ಳುವುದು. ಬೆಳೆಯುವ ತುದಿಯ ಕೆಲವು ಕೋಶಗಳಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಾಗಿ ಹರಿತ್ತು ಕಡಿಮೆಯಾದರೆ, ಆ ಕೋಶಗಳಿಂದ ಬೆಳೆದ ಭಾಗ ಹಳದಿಯಾಗಿ ಅಥವಾ ಬಿಳಿಯಾಗಿ ಉಳಿಯುತ್ತದೆ. ಅದು ರೋಗವಲ್ಲ, ಗಿಡದ ಗುಣ. ಆದರೆ ಈ ಚೆಂದಕ್ಕೆ ಗಿಡ ಬೆಲೆ ತೆರುತ್ತದೆ. ಹಸಿರು ಕಡಿಮೆ ಇರುವುದರಿಂದ ಅಡುಗೆಮನೆ ಚಿಕ್ಕದು. ಹಾಗಾಗಿ ಪಟ್ಟೆ ಗಿಡ ಸಾಮಾನ್ಯ ಗಿಡಕ್ಕಿಂತ ತುಸು ನಿಧಾನ.

ಇದರಿಂದ ನಾವು ತಿಳಿಯಬೇಕಾದ ಮೂರು ವಿಷಯಗಳಿವೆ. ಮೊದಲನೆಯದು, ಪಟ್ಟೆ ಗಿಡದ ಬೀಜ ಬಿತ್ತಿದರೆ ಪಟ್ಟೆ ಗಿಡವೇ ಬರುತ್ತದೆಂಬ ಭರವಸೆ ಇಲ್ಲ. ಗೆಡ್ಡೆ ಪಾಲು ಮಾಡಿ ನೆಡುವುದೇ ದಾರಿ. ಎರಡನೆಯದು, ಪೊದೆಯಲ್ಲಿ ಪೂರ್ತಿ ಹಸಿರಿನ ಕಂದು ಬಂದರೆ ಅದನ್ನು ಗೆಡ್ಡೆಸಹಿತ ತೆಗೆದುಬಿಡಬೇಕು. ಬಲಶಾಲಿಯಾದ ಹಸಿರು ಕಂದು ಒಂದೆರಡು ವರ್ಷದಲ್ಲಿ ಪಟ್ಟೆಯ ಕಂದುಗಳನ್ನು ತಳ್ಳಿಹಾಕುತ್ತದೆ. ಮೂರನೆಯದು, ಹಳದಿ ಗೆರೆಯ ತಳಿ ಬಿಸಿಲನ್ನು ಸಹಿಸುತ್ತದೆ, ಆದರೆ ದೊಡ್ಡ ಬಿಳಿ ತೇಪೆಗಳಿರುವ 'ಸ್ಟುಟ್‌ಗಾರ್ಟ್' ಎಂಬ ತಳಿಯ ಎಲೆ ಉರಿಬಿಸಿಲಿಗೆ ಸುಟ್ಟು ಕಂದಾಗುತ್ತದೆ. ಅದಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಬೇಕು. ನೇರಳೆ ಎಲೆಯ ಮೇಲೆ ಕೆಂಪು, ಕಿತ್ತಳೆ ಗೆರೆಗಳಿರುವ ಇನ್ನೊಂದು ತಳಿಯೂ ನರ್ಸರಿಗಳಲ್ಲಿ ಸಿಗುತ್ತದೆ. ಅದಕ್ಕೆ ಒಳ್ಳೆಯ ಬಿಸಿಲಿದ್ದಷ್ಟೂ ಬಣ್ಣ ಹೆಚ್ಚು.

ಘಾಟಿ ಇಳಿದು ಬರುವಾಗ

ಬೆಂಗಳೂರಿನಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿದು ಕರಾವಳಿಗೆ ಬರುವವರು ಬಸ್ಸಿನ ಕಿಟಕಿಯಿಂದ ಒಂದು ವಿಷಯ ಗಮನಿಸಬಹುದು. ಬಯಲುಸೀಮೆಯಲ್ಲಿ ಕಾಬಾಳೆ ಇರುವುದು ಪಾರ್ಕಿನಲ್ಲಿ, ಕಚೇರಿಯ ಮುಂದಿನ ಪಾತಿಯಲ್ಲಿ, ಯಾರೋ ನೀರು ಹಾಯಿಸುವ ಕಡೆ. ಘಟ್ಟ ಹತ್ತಿರವಾದಂತೆ ಅದು ಮನೆಯ ಬಳಿಗೆ ಬರುತ್ತದೆ. ತೋಡಿನ ಬದಿಯಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ಬಾವಿಕಟ್ಟೆಯ ಹಿಂದೆ ತಾನಾಗಿ ನಿಂತಿರುತ್ತದೆ. ಘಾಟಿ ಇಳಿದ ಮೇಲೆ ಮುರಕಲ್ಲಿನ ಕೆಂಪು ನೆಲದಲ್ಲೂ ಅಷ್ಟೇ. ಎಲ್ಲಿ ನೀರೋ ಅಲ್ಲಿ ಕಾಬಾಳೆ. ನಮ್ಮ ಅಜ್ಜಿಯಂದಿರು ಯಾವ ಪುಸ್ತಕವನ್ನೂ ಓದದೆ ಅದನ್ನು ಸರಿಯಾದ ಜಾಗದಲ್ಲಿ ನೆಟ್ಟಿದ್ದರು.

ಆ ಜಾಗಕ್ಕೆ ಈಗ ವಿಜ್ಞಾನದ ಬೆಂಬಲವೂ ಇದೆ. ಜಲ್ಲಿ ತುಂಬಿದ ತಗ್ಗಿನಲ್ಲಿ ಕಾಬಾಳೆ ಬೆಳೆಸಿ, ಅದರ ಮೂಲಕ ಬಳಸಿದ ನೀರನ್ನು ನಿಧಾನವಾಗಿ ಹರಿಸಿ ಶುದ್ಧ ಮಾಡುವ ವ್ಯವಸ್ಥೆ ನಮ್ಮ ದೇಶವೂ ಸೇರಿ ಹಲವು ಕಡೆ ಬಳಕೆಯಲ್ಲಿದೆ. ದಟ್ಟವಾದ ಬೇರಿನ ಸುತ್ತ ಸೂಕ್ಷ್ಮಜೀವಿಗಳು ನೆಲೆಸಿ ಕೊಳೆಯನ್ನು ಒಡೆಯುತ್ತವೆ, ಗಿಡ ಅದರಲ್ಲಿನ ಸಾರಜನಕವನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತದೆ.

ನೆಡುವ ಬಗೆ

ಕರಾವಳಿ, ಮಲೆನಾಡಿನವರು ಮೇ ಕೊನೆಯಲ್ಲಿ ಮೊದಲ ಮಳೆ ಬಿದ್ದಾಗ ನೆಡಿ. ಬಯಲುಸೀಮೆಯವರು ಫೆಬ್ರವರಿ, ಮಾರ್ಚ್‌ನಲ್ಲೂ ನೆಡಬಹುದು, ನೀರು ತಪ್ಪಬಾರದು ಅಷ್ಟೇ.

ಎರಡು ಮೂರು ಕಣ್ಣುಗಳಿರುವ ಗೆಡ್ಡೆಯ ತುಂಡು ಆರಿಸಿಕೊಳ್ಳಿ. ಕೊಯ್ದ ಕೂಡಲೇ ಹಸಿ ಗಾಯದೊಂದಿಗೆ ಕೆಸರಿಗೆ ಇಳಿಸಿದರೆ ಕೊಳೆಯುತ್ತದೆ. ಕೊಯ್ದ ಬದಿಗೆ ಒಲೆಯ ಬೂದಿ ಸವರಿ ಒಂದು ದಿನ ನೆರಳಲ್ಲಿ ಆರಲು ಬಿಡಿ. ಒಂದು ಅಡಿ ಆಳ ಅಗೆದು ಮಣ್ಣು ಸಡಿಲಿಸಿ, ಹಳೆಯ ಹಟ್ಟಿಗೊಬ್ಬರ ಬೆರೆಸಿ. ಕಣ್ಣು ಮೇಲ್ಮುಖವಾಗಿರುವಂತೆ ನಾಲ್ಕು ಬೆರಳು ಆಳದಲ್ಲಿ ಗೆಡ್ಡೆ ಇಟ್ಟು ಮುಚ್ಚಿ. ಎರಡು ಗಿಡಗಳ ನಡುವೆ ಒಂದೂವರೆ ಎರಡು ಅಡಿ ಅಂತರವಿರಲಿ. ಮೇಲೆ ತರಗೆಲೆ ಹೊದಿಸಿದರೆ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುವುದಿಲ್ಲ. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಜಾಗವಾದರೆ ಹೂವು ಚೆನ್ನಾಗಿ ಬರುತ್ತದೆ.

ಅಂಗಳವೇ ಇಲ್ಲದ ಫ್ಲ್ಯಾಟಿನವರು ನಿರಾಶರಾಗಬೇಡಿ. ಅಗಲ ಬಾಯಿಯ, ಒಂದಡಿಗಿಂತ ಆಳದ ಕುಂಡ ಅಥವಾ ಹಳೆಯ ಬಕೆಟ್ ಸಾಕು. ತಳದಲ್ಲಿ ತೂತುಗಳಿರಲಿ. ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ದಿನವೂ ನೀರು ಬೇಕು.

ಒಂದು ದಂಡು ಹೂವು ಮುಗಿಸಿದ ಮೇಲೆ ಮತ್ತೆ ಹೂ ಬಿಡುವುದಿಲ್ಲ. ಅದನ್ನು ನೆಲಮಟ್ಟಕ್ಕೆ ಕತ್ತರಿಸಿ, ಪಕ್ಕದ ಕಂದಿಗೆ ಬೆಳಕು ಸಿಗಲಿ. ಎರಡು ಮೂರು ವರ್ಷಕ್ಕೊಮ್ಮೆ ಪೊದೆ ಅಗೆದು ಪಾಲು ಮಾಡಿ. ಮಳೆಗಾಲದಲ್ಲಿ ಬಸವನಹುಳು ಎಳೆಯ ಸುರುಳಿ ಎಲೆಯನ್ನೇ ಹುಡುಕಿ ತಿನ್ನುತ್ತದೆ. ಆಗ ಎಲೆ ಬಿಚ್ಚಿಕೊಂಡಾಗ ಅಡ್ಡಸಾಲಿನಲ್ಲಿ ತೂತುಗಳಿರುತ್ತವೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ಉತ್ತಮ ಔಷಧಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಅಂಥ ಎಲೆ ಕತ್ತರಿಸಿ ಸುಟ್ಟು, ಪೊದೆಯಲ್ಲಿ ಗಾಳಿಯಾಡುವಂತೆ ಮಾಡಿ.

ಬೀಜದಿಂದ ಸಾಮಾನ್ಯ ಕಾಬಾಳೆ ಬೆಳೆಸುವ ಆಸೆ ಮಕ್ಕಳಿಗಿದ್ದರೆ, ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಬಿಳಿ ಕಾಣುವವರೆಗೆ ಉಜ್ಜಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಬಿತ್ತಲು ಹೇಳಿ. ಚಿಕ್ಕ ಮಕ್ಕಳ ಬಾಯಿಗೆ ಬೀಜ ಹೋಗದಂತೆ ಮಾತ್ರ ನೋಡಿಕೊಳ್ಳಿ.

ವುಝೂವಿನ ನೀರು

"ಇಷ್ಟು ನೀರು ಕುಡಿಯುವ ಗಿಡವನ್ನು ಬೇಸಿಗೆಯಲ್ಲಿ ಸಾಕುವುದು ಹೇಗೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನೆರೆಮನೆಯವರು ಟ್ಯಾಂಕರಿಗೆ ಕಾಯುತ್ತಿರುವಾಗ ನಾವು ಹೂಗಿಡಕ್ಕೆ ಪೈಪ್ ಹಿಡಿದು ನಿಲ್ಲುವುದು ಸರಿಯಲ್ಲ.

ಆದರೆ ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಸಲ ಬಹುತೇಕ ಶುಭ್ರವಾದ ನೀರು ಮೋರಿಗೆ ಹೋಗುತ್ತದೆ. ವುಝೂವಿನ ನೀರು. ಅದರಲ್ಲಿ ಸಾಬೂನಿಲ್ಲ, ಎಣ್ಣೆಯಿಲ್ಲ. ಒಬ್ಬರಿಗೆ ಒಂದು ವುಝೂವಿಗೆ ಎರಡು ಲೀಟರ್ ಎಂದು ಹಿಡಿದರೂ ನಾಲ್ಕು ಮಂದಿಯ ಮನೆಯಲ್ಲಿ ದಿನಕ್ಕೆ 40 ಲೀಟರ್. ಹತ್ತು ಗಿಡಗಳ ಒಂದು ಪಾತಿಗೆ ಧಾರಾಳವಾಯಿತು. ವುಝೂ ಮಾಡುವ ಜಾಗದಿಂದ ಒಂದು ಪೈಪ್ ಅಥವಾ ಸಣ್ಣ ಕಾಲುವೆ ಎಳೆದು ಪಾತಿಗೆ ಬಿಟ್ಟರೆ ಬೇಸಿಗೆಯ ಚಿಂತೆಯಿಲ್ಲ. ಫ್ಲ್ಯಾಟಿನವರು ಅಗಲ ಬೇಸಿನ್ನಿನಲ್ಲಿ ನೀರು ಹಿಡಿದು ಕುಂಡಕ್ಕೆ ಹೊಯ್ಯಬಹುದು. ಮಸೀದಿಗಳಲ್ಲಿ, ಮದ್ರಸಗಳಲ್ಲಿ ಹೌಝಿನ ಪಕ್ಕ ಇಂಥದೊಂದು ಪಾತಿ ಮಾಡಿದರೆ ಎಷ್ಟು ನೀರು ಉಳಿದೀತು ಯೋಚಿಸಿ. ಹರಿಯುವ ಹೊಳೆಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದೆಂದು ಮದ್ರಸದ ಮೊದಲ ತರಗತಿಯಲ್ಲೇ ಕಲಿತವರಲ್ಲವೇ ನಾವು? ನಲ್ಲಿಯನ್ನು ಸಣ್ಣಗೆ ತಿರುಗಿಸುವುದು ಮೊದಲ ಕೆಲಸ. ಉಳಿದ ನೀರನ್ನು ಬೇರಿಗೆ ಮುಟ್ಟಿಸುವುದು ಎರಡನೆಯದು.

ಸ್ನಾನದ ನೀರನ್ನೂ ಬಿಡಬಹುದು. ಬಟ್ಟೆ ಒಗೆದ ಮೊದಲ ನೀರಿನಲ್ಲಿ ಸಾಬೂನುಪುಡಿಯ ಖಾರ ಹೆಚ್ಚು, ಅದು ಬೇಡ. ಕೊನೆಯ ಜಾಲಿಸಿದ ನೀರು ಪರವಾಗಿಲ್ಲ. ಪಾತ್ರೆ ತೊಳೆದ ಎಣ್ಣೆ ನೀರು ಮಣ್ಣಿನ ಬಾಯಿ ಮುಚ್ಚುತ್ತದೆ. ಯಾವ ನೀರನ್ನೂ ಹಿಡಿದಿಟ್ಟು ಮರುದಿನಕ್ಕೆ ಉಳಿಸಬೇಡಿ, ನಾರುತ್ತದೆ. ಪಾತಿಯಲ್ಲಿ ನೀರು ನಿಂತು ಸೊಳ್ಳೆಯಾಗದಂತೆ ನೋಡಿಕೊಳ್ಳಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಸ್ನಾನ, ಬಟ್ಟೆಯ ನೀರು ಬಿಡಬೇಡಿ.

ಚೆಂದವೋ, ಕಾಯಿಲೆಯೋ?

ಈಗ ಬಹು ಮುಖ್ಯವಾದ ಮಾತಿಗೆ ಬರುತ್ತೇನೆ. ಎಲೆಯ ಮೇಲಿನ ಎಲ್ಲ ಹಳದಿ ಗೆರೆಯೂ ಚೆಂದದ ಪಟ್ಟೆಯಲ್ಲ. ಕಾಬಾಳೆಗೆ ತಗಲುವ ಕೆಲವು ವೈರಸ್‌ಗಳೂ ಎಲೆಯ ಮೇಲೆ ಹಳದಿ ಗೆರೆ ಎಳೆಯುತ್ತವೆ. ನೋಡಿದವರು ಹೊಸ ತಳಿಯೆಂದು ಭ್ರಮಿಸಿ, ಗೆಡ್ಡೆ ಕೇಳಿ ಪಡೆದು, ಕಾಯಿಲೆಯನ್ನೂ ಮನೆಗೆ ಕೊಂಡೊಯ್ಯುತ್ತಾರೆ.

ಇಂಥದು ಇತಿಹಾಸದಲ್ಲೂ ನಡೆದಿದೆ. ಉಸ್ಮಾನಿ ತುರ್ಕರು 'ಲಾಲೆ' ಎಂದು ಕರೆದು ಪ್ರೀತಿಸಿದ ಟ್ಯುಲಿಪ್ ಹೂವು 16ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. ಹಾಲೆಂಡಿನಲ್ಲಿ ಕೆಲವು ಟ್ಯುಲಿಪ್‌ಗಳ ದಳದಲ್ಲಿ ಬೆಂಕಿಯ ನಾಲಿಗೆಯಂಥ ಪಟ್ಟೆಗಳು ಮೂಡಿದವು. ಅಂಥ ಗೆಡ್ಡೆಗಳಿಗೆ ಜನ ಮುಗಿಬಿದ್ದು ಬೆಲೆ ಏರಿಸಿದರು. 1637ರ ಫೆಬ್ರವರಿಯಲ್ಲಿ ಆ ವ್ಯಾಪಾರ ಕುಸಿಯಿತು. ಆ ಪಟ್ಟೆಗೆ ಕಾರಣ ಸಸ್ಯಹೇನು ಹರಡುವ ವೈರಸ್ ಎಂಬ ಗುಟ್ಟು ಬಿಚ್ಚಿಕೊಂಡದ್ದು ಸುಮಾರು ಮುನ್ನೂರು ವರ್ಷಗಳ ನಂತರ. 1928ರಲ್ಲಿ ಇಂಗ್ಲೆಂಡಿನ ಡೊರೊತಿ ಕೇಲಿ ಎಂಬ ಮಹಿಳಾ ವಿಜ್ಞಾನಿ ಪಟ್ಟೆ ಗೆಡ್ಡೆಯಿಂದ ಆರೋಗ್ಯವಂತ ಗೆಡ್ಡೆಗೆ ಅದು ದಾಟುವುದನ್ನು ತೋರಿಸಿದರು. ಅಂದು ಅತಿ ಹೆಚ್ಚು ಬೆಲೆ ಬಾಳುತ್ತಿದ್ದ 'ಸೆಂಪರ್ ಆಗಸ್ಟಸ್' ಎಂಬ ಟ್ಯುಲಿಪ್ ಈಗ ಲೋಕದಲ್ಲೇ ಇಲ್ಲ. ಕಾಯಿಲೆಯ ಚೆಂದಕ್ಕೆ ಆಯುಸ್ಸು ಕಡಿಮೆ.

ಹಾಗಾದರೆ ಗುರುತಿಸುವುದು ಹೇಗೆ? ನಿಜವಾದ ಪಟ್ಟೆ ಎಲೆ ಬಿಚ್ಚಿದ ದಿನದಿಂದಲೇ ಇರುತ್ತದೆ, ಪ್ರತಿ ಎಲೆಯಲ್ಲೂ ಶುಭ್ರವಾಗಿ ಮೂಡುತ್ತದೆ, ಗಿಡ ಗಟ್ಟಿಯಾಗಿರುತ್ತದೆ. ಕಾಯಿಲೆಯ ಗೆರೆ ತುಂಡುತುಂಡು. ಒಂದು ಎಲೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನರದ ಬದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಶುರುವಾಗಿ, ವಾರಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಎಲೆ ಸೊಟ್ಟಗಾಗುತ್ತದೆ, ಹೂವಿನ ಬಣ್ಣ ಒಡೆದಂತೆ ಕಾಣುತ್ತದೆ, ವರ್ಷದಿಂದ ವರ್ಷಕ್ಕೆ ಗಿಡ ಕುಗ್ಗುತ್ತದೆ. ಇದಕ್ಕೆ ಔಷಧಿಯಿಲ್ಲ. ಗೆಡ್ಡೆಸಹಿತ ಕಿತ್ತು ಒಣಗಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ, ಬೇಲಿಯಾಚೆ ಎಸೆಯುವಂತಿಲ್ಲ. ವೈರಸ್ ಹರಡುವುದು ಮುಖ್ಯವಾಗಿ ಗೆಡ್ಡೆಯ ಮೂಲಕ. ರಸ ಹೀರುವ ಕೀಟಗಳೂ, ಒಂದು ಗಿಡ ಕೊಯ್ದ ಕತ್ತಿಯನ್ನು ತೊಳೆಯದೆ ಇನ್ನೊಂದಕ್ಕೆ ತಾಗಿಸುವ ನಮ್ಮ ಕೈಗಳೂ ಸಾಲದ್ದಕ್ಕೆ ನೆರವಾಗುತ್ತವೆ. ಇವುಗಳಲ್ಲಿ ಕೆಲವು ವೈರಸ್‌ಗಳು ಬೀನ್ಸಿಗೂ, ಸೌತೆ, ಬಾಳೆಗಳಿಗೂ ತಗಲುವಂಥವು. ಆದ್ದರಿಂದ ಇದು ಬರೀ ಹೂವಿನ ಪ್ರಶ್ನೆಯಲ್ಲ, ತರಕಾರಿ ಸಾಲಿನ ಪ್ರಶ್ನೆಯೂ ಹೌದು.

ನಮ್ಮ ಬೀದಿಯಲ್ಲಿ ಎಲ್ಲರೂ ಉಮ್ಮ ಎಂದೇ ಕರೆಯುವ ಹಿರಿಯ ಮಹಿಳೆಯೊಬ್ಬರಿದ್ದಾರೆ. ಅವರು ಮದುವೆಯಾಗಿ ಘಟ್ಟದ ಮೇಲಿನ ತವರಿನಿಂದ ಬರುವಾಗ ತಂದ ಪಟ್ಟೆ ಕಾಬಾಳೆ ಅವರ ಬಾವಿಕಟ್ಟೆಯ ಹಿಂದೆ ಪೊದೆಯಾಗಿ ಬೆಳೆದಿತ್ತು. ಬೀದಿಯಿಂದ ಮದುವೆಯಾಗಿ ಹೋಗುವ ಪ್ರತಿ ಹೆಣ್ಣುಮಗಳಿಗೂ ಒಂದು ಗೆಡ್ಡೆಯನ್ನು ತೆಂಗಿನ ನಾರಿನಲ್ಲಿ ಸುತ್ತಿ ಕೊಡುವುದು ಅವರ ವಾಡಿಕೆ. "ಬಂಗಾರ ಕೊಡಲು ನನ್ನಲ್ಲಿಲ್ಲ, ಇದು ಮರಿ ಹಾಕುತ್ತಾ ಇರುತ್ತದೆ" ಎನ್ನುತ್ತಿದ್ದರು.

ಒಂದು ಮಳೆಗಾಲದಲ್ಲಿ ಆ ಪೊದೆಯ ಎಲೆಗಳು ಸೊಟ್ಟಗಾಗಿ, ಗೆರೆಗಳು ಕಂದಾಗಿ ಹರಿದಿದ್ದವು. ಯಾರೋ ತಂದುಕೊಟ್ಟ ಕೆಂಪು ಹೂವಿನ ಗಿಡವೊಂದು ಪಕ್ಕದಲ್ಲೇ ಇತ್ತು. ಅದೂ ಹಾಗೆಯೇ. ಮುಂದಿನ ತಿಂಗಳು ಇನ್ನೊಂದು ಮದುವೆಯಿತ್ತು.

"ಉಮ್ಮಾ, ಈ ಸಲ ಗೆಡ್ಡೆ ಕೊಡಬೇಡಿ. ಇದು ಕಾಯಿಲೆ" ಎಂದೆ.

"ಔಷಧಿ ಇಲ್ಲವಾ ಮಗಾ?"

"ಇಲ್ಲ ಉಮ್ಮಾ. ತೆಗೆದು ಸುಡಬೇಕು."

ಅವರು ತುಂಬ ಹೊತ್ತು ಮಾತಾಡಲಿಲ್ಲ. ತವರಿನ ಹಿರಿಯರು ಯಾರೂ ಉಳಿದಿರಲಿಲ್ಲ, ಆ ಮನೆಯೂ ಮಾರಾಟವಾಗಿತ್ತು. ಉಳಿದದ್ದು ಇದೊಂದು ಗಿಡ. ಕೊನೆಗೆ "ಕಾಯಿಲೆಯನ್ನು ಹುಡುಗಿಯ ಮನೆಗೆ ಕಳಿಸಬಾರದು" ಎಂದಷ್ಟೇ ಹೇಳಿದರು. ಮಳೆ ಬಿಟ್ಟ ಒಂದು ಶುಕ್ರವಾರ ಮೊಮ್ಮಕ್ಕಳನ್ನು ಕರೆದು ತಾವೇ ನಿಂತು ಎಲ್ಲವನ್ನೂ ಕೀಳಿಸಿದರು.

ಸುದ್ದಿ ಅಲ್ಲಿಗೇ ಮುಗಿಯಲಿಲ್ಲ. ಹನ್ನೆರಡು ವರ್ಷ ಹಿಂದೆ ಹಾಸನದ ಕಡೆಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳಿಗೆ ಇದು ಫೋನಿನಲ್ಲಿ ತಿಳಿಯಿತು. ಉಮ್ಮ ಕೊಟ್ಟ ಗೆಡ್ಡೆ ಅವಳ ಹಿತ್ತಿಲಲ್ಲಿ ಚೆನ್ನಾಗಿತ್ತು. ರಜೆಗೆ ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ಎರಡು ತುಂಡು ತಂದಳು. ಅದನ್ನು ನೇರ ನೆಲಕ್ಕೆ ಇಳಿಸಲಿಲ್ಲ. ಬೇರೆ ಮೂಲೆಯಲ್ಲಿ ಬಕೆಟಿನಲ್ಲಿ ನೆಟ್ಟು ಒಂದು ಮಳೆಗಾಲ ಪೂರ್ತಿ ಕಾದೆವು. ಎಲೆಗಳೆಲ್ಲ ನೇರವಾಗಿ, ಗೆರೆಗಳೆಲ್ಲ ಶುಭ್ರವಾಗಿ ಬಂದವು. ಆ ಮೇಲೆ ಹಳೆಯ ಜಾಗ ಬಿಟ್ಟು, ವುಝೂವಿನ ನೀರು ಬೀಳುವ ಹೊಸ ಪಾತಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ತನ್ನಲ್ಲೇ ಇಟ್ಟುಕೊಂಡಿದ್ದರೆ ಉಮ್ಮನ ಗಿಡ ಪೂರ್ತಿ ನಾಶವಾಗುತ್ತಿತ್ತು. ಕೊಟ್ಟದ್ದರಿಂದ ಉಳಿಯಿತು.

ಓದುಗರೇ, ಗಿಡ ಹಂಚಿಕೊಳ್ಳುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಒಳ್ಳೆಯ ಅಭ್ಯಾಸ. ಅದನ್ನು ಬಿಡಬೇಡಿ. ಕೊಡುವಾಗ ಮಾತ್ರ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ ಕೊಡಿ. ಯಾರಾದರೂ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ, ಆದರೆ ಉಳಿದ ಗಿಡಗಳಿಂದ ದೂರ, ಬೇರೆ ಕುಂಡದಲ್ಲಿ ಒಂದು ಮಳೆಗಾಲ ಇಟ್ಟು ನೋಡಿ. ಕತ್ತಿಯನ್ನು ಗಿಡದಿಂದ ಗಿಡಕ್ಕೆ ಸಾಬೂನು ಹಾಕಿ ತೊಳೆಯಿರಿ. ಕಾಯಿಲೆಯ ಗಿಡ ಎಷ್ಟೇ ಪ್ರೀತಿಯದಾದರೂ ಅದನ್ನು ಇನ್ನೊಬ್ಬರ ಅಂಗಳಕ್ಕೆ ದಾಟಿಸಬೇಡಿ. ನಿಮ್ಮ ಪೊದೆ ಆರೋಗ್ಯವಾಗಿದ್ದರೆ ಮುಂದಿನ ಮೇ ತಿಂಗಳಲ್ಲಿ ಎರಡು ಗೆಡ್ಡೆ ಹೆಚ್ಚಿಗೆ ಅಗೆದು, ಒಂದನ್ನು ಪಕ್ಕದ ಮನೆಗೂ, ಇನ್ನೊಂದನ್ನು ದೂರದ ಊರಿನ ನೆಂಟರಿಗೂ ಕಳಿಸಿ.